ಕಾಲಂಗಳ ನಂಟು ಹುಡುಕಲು ಅಪಾಚೆ ಸ್ಪಾರ್ಕ್: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಟೇಬಲ್‌ನಲ್ಲಿ ಸಾಲುಗಳು ಜಾಸ್ತಿ ಇದ್ದರೆ ಅಪಾಚೆ ಸ್ಪಾರ್ಕ್ ಬಳಸಿ, ಯೋಚನೆ ಮಾಡಬೇಡಿ. ಕಾಲಂಗಳು ಜಾಸ್ತಿ ಇದ್ದರೆ ಮಾತ್ರ ಸ್ವಲ್ಪ ನಿಂತು ನೋಡಿ. ಎರಡೂ ಒಂದೇ ತರಹದ ಕಷ್ಟ ಅಂತ ನಾನೂ ಶುರುವಿನಲ್ಲಿ ಅಂದುಕೊಂಡಿದ್ದೆ, ಡೇಟಾ ದೊಡ್ಡದಾದರೆ ಮಷೀನು ಹೆಚ್ಚಿಸಿದರೆ ಆಯಿತು ಅಂತ. ಹಾಗಿಲ್ಲ. ಮಷೀನು ಸೇರಿಸಿದರೆ ಸಾಲುಗಳ ಭಾರ ಹಂಚಿಹೋಗುತ್ತದೆ. ಆದರೆ ಕಾಲಂಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಲೆಕ್ಕ ಎಷ್ಟು ಮಷೀನು ತಂದರೂ ಕೈಗೆ ಸಿಗದೆ ಮುಂದೆ ಓಡುತ್ತಿರುತ್ತದೆ. ಈ ವಿಮರ್ಶೆ ಪೂರ್ತಿ ಆ ಒಂದು ವ್ಯತ್ಯಾಸದ ಬಗ್ಗೆಯೇ.

ನನ್ನ ಕೆಲಸ ಏನು ಅಂತ ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಸಾಮಾನು ತಲುಪಿಸುವ ಆರ್ಡರ್‌ಗಳ ಟೇಬಲ್. ಸುಮಾರು 12 ಕೋಟಿ ಸಾಲು. ಸಂಖ್ಯೆಗಳಿರುವ ಕಾಲಂ 40, ಅಕ್ಷರಗಳಿರುವ ಕಾಲಂ ಇಪ್ಪತ್ತು ಚಿಲ್ಲರೆ: ಗೋದಾಮು, ಊರು, ಅಂಚೆ ಕೋಡ್, ಪಾವತಿ ವಿಧಾನ, ಸಾಮಾನಿನ ವರ್ಗ, ವಾರದ ದಿನ, ಹೀಗೆ. ಕೇಳಿದ ಪ್ರಶ್ನೆ ಒಂದೇ ಸಾಲಿನದು: ಯಾವುದಕ್ಕೂ ಯಾವುದಕ್ಕೂ ನಂಟಿದೆ, ನೋಡಿ ಹೇಳಿ. ಕೇಳುವವರಿಗೆ ಇದು ಸುಲಭದ ಪ್ರಶ್ನೆ. ಒಂದು ಕಂಪ್ಯೂಟರಿನ ಮೆಮೊರಿಗೆ ಅಷ್ಟು ಡೇಟಾ ಹಿಡಿಸುವುದಿಲ್ಲ ಅನ್ನುವುದು ಮೊದಲ ತೊಡಕು. 'ನಂಟು' ಅಂದರೆ ಏನು ಅಂತ ಯಾರೂ ಹೇಳಿಲ್ಲ ಅನ್ನುವುದು ಎರಡನೆಯದು, ಅದೇ ದೊಡ್ಡದು.

ಸ್ಪಾರ್ಕ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ದೊಡ್ಡ ಕೆಲಸವನ್ನು ಹಲವು ಕಂಪ್ಯೂಟರುಗಳಿಗೆ ಹಂಚಿ, ಉತ್ತರಗಳನ್ನು ಕೂಡಿಸಿ ಕೊಡುವ ತಂತ್ರಾಂಶ ಇದು. 2004ರಲ್ಲಿ ಗೂಗಲ್‌ನ ಜೆಫ್ ಡೀನ್, ಸಂಜಯ್ ಘೆಮಾವತ್ ಹೀಗೆ ಕೆಲಸ ಹಂಚುವ ಮ್ಯಾಪ್‌ರೆಡ್ಯೂಸ್ ಅನ್ನುವ ವಿಧಾನದ ಬಗ್ಗೆ ಪ್ರಬಂಧ ಬರೆದರು. ಅದೇ ದಾರಿಯಲ್ಲಿ ಹಡೂಪ್ ಅನ್ನುವ ತಂತ್ರಾಂಶ ಬಂತು. ಅದರಲ್ಲಿ ಪ್ರತಿ ಹಂತದ ಉತ್ತರವನ್ನೂ ಡಿಸ್ಕ್‌ಗೆ ಬರೆದು ಮತ್ತೆ ಓದಬೇಕಿತ್ತು, ಒಂದೇ ಡೇಟಾವನ್ನು ಹತ್ತು ಸಲ ತಿರುವಿ ನೋಡುವ ಕೆಲಸಕ್ಕೆ ಅದು ತುಂಬಾ ನಿಧಾನ. ನಂಟು ಹುಡುಕುವುದು ಅಂಥದ್ದೇ ಕೆಲಸ ಅಲ್ವಾ? 2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮತೈ ಜಹಾರಿಯಾ ಶುರು ಮಾಡಿದ ಸ್ಪಾರ್ಕ್, ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬಳಸಲು ಬಿಟ್ಟಿತು. 2014ರಲ್ಲಿ ಅಪಾಚೆ ಸಾಫ್ಟ್‌ವೇರ್ ಸಂಸ್ಥೆಯ ಮುಖ್ಯ ಯೋಜನೆಗಳಲ್ಲಿ ಒಂದಾಯಿತು. ಪೂರ್ತಿ ಉಚಿತ, ಕೋಡ್ ಎಲ್ಲರಿಗೂ ತೆರೆದಿದೆ.

ಹಾಕಿಕೊಳ್ಳುವುದು ಕಷ್ಟವಿಲ್ಲ. ಪೈಥಾನ್ ಇದ್ದರೆ ಅದರ ಜೊತೆ ಬರುವ ಪಿಪ್‌ನಿಂದ ಪೈಸ್ಪಾರ್ಕ್ (ಪೈಥಾನಿನಲ್ಲಿ ಬಳಸುವ ಸ್ಪಾರ್ಕ್) ಹಾಕಿ, ಜಾವಾ ಇರಲಿ, ಅಷ್ಟೇ. 4.0 ಆವೃತ್ತಿಗೆ ಜಾವಾ 17 ಅಥವಾ ಅದಕ್ಕಿಂತ ಹೊಸದು ಬೇಕು, ಹಳೆಯ 8 ಇಟ್ಟುಕೊಂಡು ಯಾಕೆ ಓಡುತ್ತಿಲ್ಲ ಅಂತ ಅರ್ಧ ದಿನ ಕಳೆಯಬೇಡಿ. ಮೊದಲು ಲ್ಯಾಪ್‌ಟಾಪಿನಲ್ಲೇ ಓಡಿಸಿ ಕಲಿಯಬಹುದು. ಅದೇ ಕೋಡ್ ಆಮೇಲೆ ಕ್ಲಸ್ಟರ್‌ನಲ್ಲೂ, ಅಂದರೆ ಹಲವು ಮಷೀನುಗಳ ಗುಂಪಿನಲ್ಲೂ ಓಡುತ್ತದೆ. ಇದು ನನಗೆ ಬಹಳ ಇಷ್ಟವಾದ ಗುಣ.

ಈಗ ಕೆಲಸಕ್ಕೆ ಬರೋಣ. ಸಂಖ್ಯೆಗಳ ಕಾಲಂಗೆ ಪಿಯರ್ಸನ್ ಕೋರಿಲೇಶನ್ ಅನ್ನುವುದು ಮೊದಲ ಹೆಜ್ಜೆ. ಒಂದು ಏರಿದರೆ ಇನ್ನೊಂದು ಏರುತ್ತದಾ, ಇಳಿಯುತ್ತದಾ ಅನ್ನುವ ಅಳತೆ, −1ರಿಂದ 1ರ ತನಕ. ಹಲವು ಮಷೀನುಗಳಲ್ಲಿ ಹಂಚಿ ಮಾಡಲು ಇದಕ್ಕಿಂತ ಹೇಳಿಮಾಡಿಸಿದ ಲೆಕ್ಕ ಇನ್ನೊಂದಿಲ್ಲ. ಯಾಕೆ ಅಂತ ನೋಡಿ. ಎರಡು ಕಾಲಂಗಳ ಕೋರಿಲೇಶನ್ ತೆಗೆಯಲು ಬೇಕಾಗುವುದು ಆರೇ ಸಂಖ್ಯೆ: ಎಷ್ಟು ಸಾಲು, ಮೊದಲ ಕಾಲಂನ ಮೊತ್ತ, ಎರಡನೆಯದರ ಮೊತ್ತ, ಎರಡರ ವರ್ಗಗಳ ಮೊತ್ತ ಬೇರೆ ಬೇರೆ, ಮತ್ತೆ ಎರಡನ್ನೂ ಗುಣಿಸಿದ್ದರ ಮೊತ್ತ. ಇವೆಲ್ಲ ಬರೀ ಕೂಡುವ ಲೆಕ್ಕಗಳು. ಪ್ರತಿ ಮಷೀನು ತನ್ನ ಹತ್ತಿರ ಇರುವ ಸಾಲುಗಳಿಗೆ ಈ ಆರನ್ನು ತೆಗೆದು ಕಳಿಸಿದರೆ ಸಾಕು, ಕೊನೆಯಲ್ಲಿ ಕೂಡಿದರೆ ಉತ್ತರ ಸಿಕ್ಕಿತು. 12 ಕೋಟಿ ಸಾಲು ಎಲ್ಲಿದೆಯೋ ಅಲ್ಲೇ ಇರುತ್ತದೆ, ತಂತಿಯ ಮೇಲೆ ಓಡಾಡುವುದು ಹಿಡಿಯಷ್ಟು ಸಂಖ್ಯೆ. ಹಾಗಾಗಿ ಮಷೀನು ಎರಡರಷ್ಟು ಮಾಡಿದರೆ ಸಮಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುವುದನ್ನು ನಾನೇ ನೋಡಿದ್ದೇನೆ. 40 ಕಾಲಂಗೆ 780 ಜೋಡಿ. ಅಷ್ಟನ್ನೂ ಒಂದೇ ಓಟದಲ್ಲಿ, ಒಂದೇ ಮ್ಯಾಟ್ರಿಕ್ಸ್ ಆಗಿ ಕೊಡುತ್ತದೆ. ಈ ಭಾಗಕ್ಕೆ ಪೂರ್ತಿ ಅಂಕ.

ಆದರೆ ಖಾಲಿ ಜಾಗಗಳ ಬಗ್ಗೆ ಹುಷಾರಾಗಿರಿ. ಕೋರಿಲೇಶನ್ ಕೊಡುವ ಮೊದಲು ಎಲ್ಲ ಕಾಲಂಗಳನ್ನೂ ವೆಕ್ಟರ್ ಅಸೆಂಬ್ಲರ್ ಅನ್ನುವುದರಿಂದ ಒಂದೇ ವೆಕ್ಟರ್, ಅಂದರೆ ಸಾಲಿಗೊಂದು ಸಂಖ್ಯೆಗಳ ಪಟ್ಟಿ ಮಾಡಬೇಕು. ಯಾವುದಾದರೂ ಸಾಲಿನಲ್ಲಿ ಒಂದು ಬೆಲೆ (ಹಣದ ಬೆಲೆಯಲ್ಲ, ಕಾಲಂನಲ್ಲಿ ತುಂಬಿರುವ ಮೌಲ್ಯ) ಖಾಲಿ ಇದ್ದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ. ಸರಿ, 'ಸ್ಕಿಪ್' ಅಂತ ಹಾಕಿದರೆ ಎರರ್ ಹೋಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ, ನಾನೂ ಹಾಕಿದೆ. ಆಗ ಏನಾಗುತ್ತದೆ ಅಂದರೆ ಒಂದೇ ಒಂದು ಕಾಲಂ ಖಾಲಿ ಇದ್ದರೂ ಆ ಸಾಲು ಪೂರ್ತಿ ಬಿದ್ದುಹೋಗುತ್ತದೆ. ಪ್ರತಿ ಕಾಲಂನಲ್ಲಿ ನೂರಕ್ಕೆ ಮೂರು ಖಾಲಿ ಅಂತ ಇಟ್ಟುಕೊಳ್ಳಿ, ಮೂರೇ, ಅದೂ ಎಲ್ಲೆಲ್ಲೋ ಚದುರಿಕೊಂಡು. 40 ಕಾಲಂಗಳೂ ತುಂಬಿರುವ ಸಾಲುಗಳು ಉಳಿಯುವುದು ನೂರಕ್ಕೆ ಮೂವತ್ತು ಮಾತ್ರ. 0.97 ಅನ್ನು 40 ಸಲ ಗುಣಿಸಿ ನೋಡಿ. ಎಪ್ಪತ್ತು ಭಾಗ ಸದ್ದಿಲ್ಲದೆ ಹೋಗಿರುತ್ತದೆ, ಉತ್ತರ ಮಾತ್ರ ನೀಟಾಗಿ ಬಂದಿರುತ್ತದೆ. ನಾನು ಈಗ ಸ್ಕಿಪ್ ಹಾಕಿದ ಮೇಲೆ ಉಳಿದ ಸಾಲು ಎಷ್ಟು ಅಂತ ಎಣಿಸದೆ ಮುಂದಿನ ಹೆಜ್ಜೆ ಇಡುವುದಿಲ್ಲ.

ಇನ್ನೊಂದು ವಿಷಯ. ಸಾಲು ಕೋಟಿಗಟ್ಟಲೆ ಇದ್ದಾಗ 'ಇದು ಆಕಸ್ಮಿಕ ಅಲ್ಲ' ಅಂತ ಹೇಳುವ ಪಿ-ವ್ಯಾಲ್ಯೂ ಯಾವ ಕೆಲಸಕ್ಕೂ ಬರುವುದಿಲ್ಲ. ಸಾಮಾನ್ಯವಾಗಿ ಅದು 0.05ಕ್ಕಿಂತ, ಅಂದರೆ ನೂರಕ್ಕೆ ಐದಕ್ಕಿಂತ ಕಡಿಮೆ ಬಂದರೆ ಪಾಸು. 1 ಕೋಟಿ ಸಾಲಿನಲ್ಲಿ ಕೋರಿಲೇಶನ್ 0.001 ಬಂದರೂ ಪಿ-ವ್ಯಾಲ್ಯೂ 0.002ಕ್ಕಿಂತ ಕೆಳಗೆ ಬರುತ್ತದೆ. ಅಂದರೆ ಪುಸ್ತಕದ ಪ್ರಕಾರ ಅದು ಆಕಸ್ಮಿಕ ಅಲ್ಲದ ನಂಟು, ನಿಜವಾಗಿ ಅದರಿಂದ ಏನೂ ಮಾಡಲಾಗುವುದಿಲ್ಲ. ಚಿಕ್ಕ ಡೇಟಾದಲ್ಲಿ ಕಷ್ಟ ಬೇರೆ: 780 ಜೋಡಿಯಲ್ಲಿ ನೂರಕ್ಕೆ ಐದರ ಲೆಕ್ಕದಲ್ಲಿ 39 ಜೋಡಿ ಸುಮ್ನೆ ಆಕಸ್ಮಿಕವಾಗಿಯೇ ಪಾಸಾಗುತ್ತವೆ. ದೊಡ್ಡ ಡೇಟಾದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಪಾಸಾಗುತ್ತವೆ. ಹಾಗಾಗಿ ನಂಟು ಇದೆಯಾ ಅನ್ನುವುದಕ್ಕಿಂತ ಎಷ್ಟಿದೆ ಅಂತ ನೋಡಬೇಕು. ಅಪಾಚೆಯ ಕೈಪಿಡಿ ಈ ಮಾತನ್ನು ದಪ್ಪ ಅಕ್ಷರದಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಪಿಯರ್ಸನ್ ನೇರ ಗೆರೆಯ ನಂಟು ಮಾತ್ರ ಹಿಡಿಯುತ್ತದೆ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೊಂಬ್ ನಾಲ್ಕು ಪುಟಾಣಿ ಡೇಟಾಗಳನ್ನು ತೋರಿಸಿದ್ದರು, ನಾಲ್ಕಕ್ಕೂ ಕೋರಿಲೇಶನ್ ಸುಮಾರು 0.816, ಆದರೆ ಚಿತ್ರ ಬಿಡಿಸಿದರೆ ಒಂದು ಗೆರೆ, ಒಂದು ಬಿಲ್ಲು, ಇನ್ನೆರಡರಲ್ಲಿ ಒಂದೊಂದು ಚುಕ್ಕಿ ಎಲ್ಲವನ್ನೂ ಎಳೆದುಕೊಂಡು ಹೋಗಿರುತ್ತದೆ. ಇದಕ್ಕೆ ಸ್ವಲ್ಪ ಮಟ್ಟಿಗೆ ಮದ್ದು ಸ್ಪಿಯರ್‌ಮನ್, ಅದು ಬೆಲೆಗಳ ಬದಲು ಅವುಗಳ ರ‍್ಯಾಂಕ್ ನೋಡುತ್ತದೆ. ಸ್ಪಾರ್ಕ್‌ನಲ್ಲಿ ಪಿಯರ್ಸನ್ ಬದಲು ಸ್ಪಿಯರ್‌ಮನ್ ಅಂತ ಒಂದು ಪದ ಬದಲಿಸಿದರೆ ಸಾಕು. ಅಷ್ಟು ಸುಲಭ ಅಂತ ನಾನೂ ಬದಲಿಸಿದೆ. ಪಿಯರ್ಸನ್ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿದಿತ್ತು, ಸ್ಪಿಯರ್‌ಮನ್ ಸಂಜೆಯಾದರೂ ಮುಗಿಯಲಿಲ್ಲ. ಕಾರಣ ಸರಳ. ರ‍್ಯಾಂಕ್ ಕೊಡಬೇಕಾದರೆ ಇಡೀ ಕಾಲಂ ಸಾಲಾಗಿ ನಿಲ್ಲಬೇಕು. ಒಂದು ಬೆಲೆ ತನ್ನ ಮಷೀನಿನ ಒಳಗೆ ಎಷ್ಟನೆಯದು ಅಂತ ಗೊತ್ತಾದರೆ ಉಪಯೋಗವಿಲ್ಲ, ಎಲ್ಲ ಮಷೀನುಗಳನ್ನೂ ಸೇರಿಸಿ ಎಷ್ಟನೆಯದು ಅಂತ ಗೊತ್ತಾಗಬೇಕು. ಅದಕ್ಕೆ ಸ್ಪಾರ್ಕ್ ಪ್ರತಿ ಸಾಲನ್ನೂ ಕಾಲಂಗೆ ಒಂದರಂತೆ ಬಿಡಿಸಿ, ಎಲ್ಲವನ್ನೂ ಒಟ್ಟಿಗೆ ಸಾರ್ಟ್ ಮಾಡುತ್ತದೆ. 12 ಕೋಟಿ ಸಾಲು, 40 ಕಾಲಂ, ಅಂದರೆ 480 ಕೋಟಿ ತುಣುಕುಗಳು ಮಷೀನಿಂದ ಮಷೀನಿಗೆ ಓಡಾಡಬೇಕು. ಇದನ್ನೇ ಶಫಲ್ ಅನ್ನುವುದು. ಹಂಚಿಕೆಯ ಕೆಲಸದಲ್ಲಿ ದುಬಾರಿ ಇರುವುದು ಲೆಕ್ಕ ಅಲ್ಲ, ಈ ಓಡಾಟ. ನಾನು ಈಗ ಸ್ಪಿಯರ್‌ಮನ್‌ಗೆ ನೂರಕ್ಕೆ ಒಂದು ಸಾಲು ಆರಿಸಿಕೊಂಡು ಲೆಕ್ಕ ಹಾಕುತ್ತೇನೆ. 12 ಲಕ್ಷ ಸಾಲಿಗೆ ಬರುವ ಉತ್ತರ ಮೂರನೇ ದಶಮಾಂಶದಲ್ಲಿ ಮಾತ್ರ ಆಚೀಚೆ ಆಗುತ್ತದೆ, ಅಷ್ಟು ಧಾರಾಳ ಸಾಕು.

ಕಾಲಂ ಜಾಸ್ತಿ ಆದರೆ ಪಿಯರ್ಸನ್ ಕೂಡ ಮುಗ್ಗರಿಸುತ್ತದೆ. 10,000 ಕಾಲಂಗೆ ಸುಮಾರು 5 ಕೋಟಿ ಜೋಡಿ, ಒಂದಕ್ಕೆ 8 ಬೈಟ್ ಅಂದರೆ 400 ಎಂಬಿ. ಇದು ಕೊನೆಗೆ ಬಂದು ಕೂರುವುದು ಡ್ರೈವರ್ ಅನ್ನುವ ಒಂದೇ ಪ್ರೋಗ್ರಾಮಿನಲ್ಲಿ. ಅದಕ್ಕೆ ಮೊದಲಿಂದ ಕೊಟ್ಟಿರುವ ಮೆಮೊರಿ 1 ಜಿಬಿ. 65,535 ಕಾಲಂ ದಾಟಿದರೆ ಸ್ಪಾರ್ಕ್ ಆಗುವುದಿಲ್ಲ ಅಂತ ಎರರ್ ಕೊಡುತ್ತದೆ. ಕ್ಲಸ್ಟರ್‌ನಲ್ಲಿ ಐವತ್ತು ಮಷೀನು ಇದ್ದರೂ ಗಂಟಲು ಒಂದೇ. ನಾನು ಮೊದಲು ಹೇಳಿದ ಸಾಲು–ಕಾಲಂ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಅಕ್ಷರಗಳ ಕಾಲಂಗೆ ಕೈ-ಸ್ಕ್ವೇರ್ ಪರೀಕ್ಷೆ ಇದೆ, ಎರಡು ಕಾಲಂಗಳಿಗೆ ನಂಟಿದೆಯಾ ಅಂತ ಎಣಿಕೆಗಳಿಂದ ನೋಡುವುದು. ಚೆನ್ನಾಗಿ ಕೆಲಸ ಮಾಡುತ್ತದೆ, ಒಂದು ಕಾಲಂನಲ್ಲಿ 10,000ಕ್ಕಿಂತ ಹೆಚ್ಚು ಬೇರೆ ಬೇರೆ ಬೆಲೆ ಇದ್ದರೆ ಎರರ್ ಕೊಡುತ್ತದೆ, ನಮ್ಮ ಅಂಚೆ ಕೋಡ್ ಅಲ್ಲೇ ಸಿಕ್ಕಿಹಾಕಿಕೊಂಡಿತು. ಪಿ-ವ್ಯಾಲ್ಯೂ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯ. ಮುಂದೆ ಹೋಗೋಣ.

ನಿಜವಾದ ಮಜಾ ಇರುವುದು ಎಫ್‌ಪಿ-ಗ್ರೋತ್‌ನಲ್ಲಿ. ಫೋನ್ ತಗೊಂಡವರು ಕವರ್ ಕೂಡ ತಗೊಂಡರು ಅನ್ನುವ ತರಹದ ನಿಯಮಗಳನ್ನು ಹುಡುಕುವ ವಿಧಾನ ಇದು. ಈ ದಾರಿ ಹಳೆಯದು. 1994ರಲ್ಲಿ ರಾಕೇಶ್ ಅಗರ್‌ವಾಲ್, ರಾಮಕೃಷ್ಣನ್ ಶ್ರೀಕಾಂತ್ ಅಪ್ರಯೋರಿ ಅನ್ನುವ ವಿಧಾನ ಕೊಟ್ಟರು. ಎರಡು ವಸ್ತು ಒಟ್ಟಿಗೆ ಅಪರೂಪ ಆದರೆ ಮೂರನೆಯದನ್ನು ಸೇರಿಸಿದರೆ ಇನ್ನೂ ಅಪರೂಪ, ಆದ್ದರಿಂದ ಆ ಕೊಂಬೆಯನ್ನೇ ಕತ್ತರಿಸು ಅನ್ನುವುದು ಅದರ ತಿರುಳು. 2000ರಲ್ಲಿ ಜಿಯಾವೆ ಹಾನ್ ಮತ್ತು ಜೊತೆಯವರು, ಡೇಟಾವನ್ನು ಮರದ ಆಕಾರದಲ್ಲಿ ಒತ್ತಿಟ್ಟು ಮತ್ತೆ ಮತ್ತೆ ಓದದೆ ಹುಡುಕುವ ಎಫ್‌ಪಿ-ಗ್ರೋತ್ ಕೊಟ್ಟರು. 2008ರಲ್ಲಿ ಅದನ್ನು ಹಲವು ಮಷೀನುಗಳಿಗೆ ಹಂಚುವ ಪಿಎಫ್‌ಪಿ ಬಂತು. ಸ್ಪಾರ್ಕ್‌ನಲ್ಲಿ ಇರುವುದು ಅದೇ.

ಇದು ಬರೀ ಅಂಗಡಿಯ ಬಿಲ್‌ಗಳಿಗೆ ಅಂತ ಅಂದುಕೊಳ್ಳಬೇಡಿ. ಯಾವುದೇ ಟೇಬಲ್‌ನ ಕಾಲಂಗಳ ನಂಟು ಹುಡುಕಲು ಬಳಸಬಹುದು. ಉಪಾಯ ಇಷ್ಟೇ: ಪ್ರತಿ ಸಾಲನ್ನೂ ಒಂದು ಬುಟ್ಟಿ ಅಂತ ನೋಡಿ, 'ಪಾವತಿ=ನಗದು', 'ಗೋದಾಮು=7', 'ದಿನ=ಸೋಮವಾರ' ಅಂತ ಕಾಲಂ ಹೆಸರು, ಬೆಲೆ ಎರಡನ್ನೂ ಅಂಟಿಸಿ ಒಂದೊಂದು ವಸ್ತು ಮಾಡಿ. ಹೆಸರು ಅಂಟಿಸದಿದ್ದರೆ ಕೆಡುತ್ತದೆ. ಎರಡು ಕಾಲಂಗಳಲ್ಲಿ 'ಹೌದು' ಅಂತ ಇದ್ದರೆ ಒಂದೇ ಬುಟ್ಟಿಯಲ್ಲಿ ಒಂದೇ ವಸ್ತು ಎರಡು ಸಲ ಬಂದ ಹಾಗಾಯಿತು, ಬುಟ್ಟಿಯಲ್ಲಿ ಒಂದು ವಸ್ತು ಒಂದೇ ಸಲ ಇರಬೇಕು ಅಂತ ಸ್ಪಾರ್ಕ್ ಎರರ್ ಕೊಡುತ್ತದೆ. ಸಂಖ್ಯೆಗಳಿದ್ದರೆ ಮೊದಲು 'ಕಡಿಮೆ, ಮಧ್ಯಮ, ಹೆಚ್ಚು' ಅಂತ ಪಾಲು ಮಾಡಿಕೊಳ್ಳಿ.

ಮೊದಲ ಸಲ ಓಡಿಸಿದೆ. ಏನೂ ಬರಲಿಲ್ಲ ಅನ್ನುವಷ್ಟು ಕಡಿಮೆ ಬಂತು. ಯಾಕಂದರೆ ಕನಿಷ್ಠ ಸಪೋರ್ಟ್ ಮೊದಲಿಂದ 0.3 ಇರುತ್ತದೆ. ನೂರರಲ್ಲಿ ಮೂವತ್ತು ಸಾಲುಗಳಲ್ಲಿ ಒಟ್ಟಿಗೆ ಬಂದರೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತದೆ, ಅಷ್ಟು ಸಾಮಾನ್ಯವಾದದ್ದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಸರಿ ಅಂತ ಒಂದೇ ಸಲಕ್ಕೆ 0.0001ಕ್ಕೆ ಇಳಿಸಿದೆ. ಕ್ಲಸ್ಟರ್ ರಾತ್ರಿಯಿಡೀ ಓಡಿ ಬೆಳಗ್ಗೆ ಮೆಮೊರಿ ಸಾಲದೆ ಬಿದ್ದಿತ್ತು. ಮಷೀನು ಎರಡರಷ್ಟು ಮಾಡಿದೆ. ಮತ್ತೆ ಬಿತ್ತು. ಮೂರನೆಯ ದಿನ ಕೂತು ಕಾಗದದ ಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು, ತಪ್ಪು ಮಷೀನಿನದಲ್ಲ.

ಆ ಲೆಕ್ಕ ಇಲ್ಲಿ ಹೇಳಲೇಬೇಕು, ಎಲ್ಲಿಯೂ ಯಾರೂ ನನಗೆ ಹೇಳಿರಲಿಲ್ಲ. ಟೇಬಲ್‌ನಲ್ಲಿ 'ದೇಶ' ಅಂತ ಒಂದು ಕಾಲಂ, ಎಲ್ಲ ಸಾಲುಗಳಲ್ಲೂ ಒಂದೇ ಬೆಲೆ ಅಂತ ಇಟ್ಟುಕೊಳ್ಳಿ. ನಿಮಗೆ ಸಿಗುವ ಪ್ರತಿ ಗುಂಪೂ ಎರಡು ಸಲ ಸಿಗುತ್ತದೆ, ದೇಶ ಸೇರಿಸಿ ಒಂದು, ಸೇರಿಸದೆ ಒಂದು. ಅಂಥ ಕಾಲಂ ಹತ್ತು ಇದ್ದರೆ? ಎರಡನ್ನು ಹತ್ತು ಸಲ ಗುಣಿಸಿ, 1024 ಪಟ್ಟು. ಅಂದರೆ ನಿಜವಾಗಿ 5,000 ಗುಂಪು ಇದ್ದರೆ ಸ್ಪಾರ್ಕ್ 51 ಲಕ್ಷ ಗುಂಪು ಬರೆಯಲು ಹೊರಡುತ್ತದೆ. ನಮ್ಮ ಟೇಬಲ್‌ನಲ್ಲಿ 'ಕರೆನ್ಸಿ', 'ಆವೃತ್ತಿ', 'ಪರೀಕ್ಷಾ ಆರ್ಡರಾ' ಅನ್ನುವ, ನೂರಕ್ಕೆ 99 ಸಾಲು ಒಂದೇ ಬೆಲೆ ಇರುವ ಕಾಲಂಗಳು ಎಂಟು ಇದ್ದವು. ಅದರ ಮೇಲೆ ಅಂಚೆ ಕೋಡ್ ಗೊತ್ತಿದ್ದರೆ ಊರು ಗೊತ್ತು, ಊರು ಗೊತ್ತಿದ್ದರೆ ರಾಜ್ಯ ಗೊತ್ತು. ಅಂಚೆ ಕೋಡ್ ಇರುವ ಪ್ರತಿ ಗುಂಪೂ ಇದರಿಂದಾಗಿ ನಾಲ್ಕು ವೇಷದಲ್ಲಿ ಬರುತ್ತದೆ. ಆ ಎಂಟು ಕಾಲಂ ತೆಗೆದೆ, ಊರು ರಾಜ್ಯ ತೆಗೆದೆ. ಅದೇ ಕ್ಲಸ್ಟರ್, ಮೊದಲಿನ ಅರ್ಧ ಮಷೀನು, ಸಪೋರ್ಟ್ 0.001. ನಲವತ್ತು ನಿಮಿಷದಲ್ಲಿ ಮುಗಿಯಿತು. ನನಗೆ ಆ ದಿನ ಆದ ಖುಷಿ ಹೇಳಲಾರೆ.

ಇನ್ನು ಉತ್ತರ ಓದುವುದು. ಸ್ಪಾರ್ಕ್ ಕಾನ್ಫಿಡೆನ್ಸ್ 0.8 ಅಥವಾ ಅದಕ್ಕಿಂತ ಹೆಚ್ಚು ಇರುವ ನಿಯಮಗಳನ್ನು ಕೊಡುತ್ತದೆ, ಅದೂ ಮೊದಲಿಂದ ಇಟ್ಟ ಬೆಲೆಯೇ. ಕಾನ್ಫಿಡೆನ್ಸ್ ಅಂದರೆ ಮೊದಲನೆಯದು ತಗೊಂಡವರಲ್ಲಿ ಎಷ್ಟು ಪಾಲು ಎರಡನೆಯದನ್ನೂ ತಗೊಂಡರು ಅನ್ನುವುದು. ಇದನ್ನು ಮಾತ್ರ ನಂಬಿದರೆ ಮೋಸ ಹೋಗುತ್ತೀರಿ. 1,00,000 ಬಿಲ್ ಇವೆ, 80,000ದಲ್ಲಿ ಕವರ್ ಇದೆ. ಚಾರ್ಜರ್ ತಗೊಂಡವರು 10,000, ಅವರಲ್ಲಿ 8,000 ಜನ ಕವರ್ ಕೂಡ ತಗೊಂಡಿದ್ದಾರೆ. 'ಚಾರ್ಜರ್ ತಗೊಂಡರೆ ಕವರ್ ತಗೊಳ್ಳುತ್ತಾರೆ', ಕಾನ್ಫಿಡೆನ್ಸ್ 0.8, ನಿಯಮ ಪಾಸು. ಆದರೆ ಚಾರ್ಜರ್ ತಗೊಳ್ಳದಿದ್ದರೂ ನೂರಕ್ಕೆ ಎಂಬತ್ತು ಜನ ಕವರ್ ತಗೊಳ್ಳುತ್ತಾರೆ! ನಂಟೇ ಇಲ್ಲ. ಇದನ್ನು ಹಿಡಿಯುವುದು ಲಿಫ್ಟ್, ಕಾನ್ಫಿಡೆನ್ಸನ್ನು ಎಲ್ಲ ಬಿಲ್‌ಗಳಲ್ಲಿ ಕವರ್ ಇರುವ ಪಾಲಿನಿಂದ ಭಾಗಿಸಿದ್ದು: 0.8 ಭಾಗಿಸು 0.8, ಸರಿಯಾಗಿ 1. ಲಿಫ್ಟ್ 1ರ ಆಸುಪಾಸು ಇದ್ದರೆ ಆ ನಿಯಮ ಬಿಟ್ಟುಬಿಡಿ. 2.4 ಆವೃತ್ತಿಯಿಂದ ಸ್ಪಾರ್ಕ್ ಲಿಫ್ಟ್ ಕಾಲಂ ತಾನೇ ಕೊಡುತ್ತದೆ, ಅದಕ್ಕೆ ಮುಂಚೆ ನಾವೇ ಲೆಕ್ಕ ಹಾಕಿಕೊಳ್ಳಬೇಕಿತ್ತು. ನಾನು ಕಾನ್ಫಿಡೆನ್ಸ್ ಅನ್ನು 0.2ಕ್ಕೆ ಇಳಿಸಿ ಲಿಫ್ಟ್ ಮೇಲೆ ಸಾರ್ಟ್ ಮಾಡುತ್ತೇನೆ. ತಡವಾದ ಆರ್ಡರ್‌ಗಳಂಥ ಅಪರೂಪದ ವಿಷಯ ಹುಡುಕುವಾಗ 0.8 ಇಟ್ಟರೆ ಒಂದೂ ಸಿಗುವುದಿಲ್ಲ.

ಎರಡು ಕೊರತೆ ಇವೆ. ನಿಯಮದ ಬಲಗಡೆ ಒಂದೇ ವಸ್ತು ಬರುತ್ತದೆ, 'ಇದಿದ್ದರೆ ಅದೂ ಇದೂ ಎರಡೂ' ಅನ್ನುವ ನಿಯಮ ಬೇಕಾದರೆ ನೀವೇ ಮಾಡಿಕೊಳ್ಳಬೇಕು. ಹೊಸ ಸಾಲುಗಳಿಗೆ ನಿಯಮ ಅನ್ವಯಿಸುವ ಟ್ರಾನ್ಸ್‌ಫಾರ್ಮ್ ಅನ್ನುವುದು ಎಲ್ಲ ನಿಯಮಗಳನ್ನೂ ಡ್ರೈವರ್‌ಗೆ ಎಳೆದು, ಅಲ್ಲಿಂದ ಎಲ್ಲ ಮಷೀನಿಗೂ ಕಳಿಸಿ, ಪ್ರತಿ ಸಾಲಿಗೂ ಎಲ್ಲ ನಿಯಮವನ್ನೂ ನೋಡುತ್ತದೆ. ನಿಯಮ ಸಾವಿರದೊಳಗಿದ್ದರೆ ಸರಿ. ಲಕ್ಷಗಟ್ಟಲೆ ಇದ್ದರೆ ಅದರ ಹತ್ತಿರ ಹೋಗಬೇಡಿ.

ಈಗ ಸ್ಪಾರ್ಕ್‌ನಲ್ಲಿ ಇಲ್ಲದೇ ಇರುವುದರ ಬಗ್ಗೆ. ಅಂಚೆ ಕೋಡ್ ಗೊತ್ತಿದ್ದರೆ ಊರು ಗೊತ್ತು ಅಂದೆನಲ್ಲ, ಇದಕ್ಕೆ ಫಂಕ್ಷನಲ್ ಡಿಪೆಂಡೆನ್ಸಿ ಅನ್ನುತ್ತಾರೆ. ಟೇಬಲ್ ಒಡೆಯಲು, ತಪ್ಪು ಡೇಟಾ ಹಿಡಿಯಲು, ಈಗ ಹೇಳಿದ ಹಾಗೆ ಬೇಡದ ಕಾಲಂ ತೆಗೆಯಲು ಇದು ಬೇಕೇ ಬೇಕು. ಸ್ಪಾರ್ಕ್ ಜೊತೆ ಬರುವ ಎಂಎಲ್‌ಲಿಬ್ ಲೈಬ್ರರಿಯಲ್ಲಿ (ಈ ತನಕ ಹೇಳಿದ ಲೆಕ್ಕಗಳೆಲ್ಲ ಇರುವುದು ಅಲ್ಲೇ) ಇದನ್ನು ತಾನಾಗಿ ಹುಡುಕುವ ಸೌಲಭ್ಯ ಇಲ್ಲ. ಒಂದು ಜೋಡಿ ಪರೀಕ್ಷಿಸುವುದು ಸುಲಭ: ಬೇರೆ ಬೇರೆ ಅಂಚೆ ಕೋಡ್ ಎಷ್ಟು, ಅಂಚೆ ಕೋಡ್–ಊರು ಜೋಡಿ ಎಷ್ಟು, ಎರಡೂ ಎಣಿಕೆ ಸಮ ಇದ್ದರೆ ಡಿಪೆಂಡೆನ್ಸಿ ಇದೆ. ಆದರೆ ಎರಡು ಕಾಲಂ, ಮೂರು ಕಾಲಂ ಸೇರಿ ಇನ್ನೊಂದನ್ನು ಹೇಳುತ್ತವಾ ಅಂತ ಹೋದರೆ 20 ಕಾಲಂಗೆ 10,48,576 ಗುಂಪು. ಪ್ರತಿಯೊಂದಕ್ಕೂ ಒಂದು ಶಫಲ್ ಅಂದರೆ ಬದುಕಿನಲ್ಲಿ ಮುಗಿಯುವುದಿಲ್ಲ.

ನಾನು ಇಲ್ಲಿ ಎರಡು ಸಲ ಎಡವಿದೆ, ನೀವು ಎಡವಬೇಡಿ. ಒಂದು, ಬೇಗ ಆಗಲಿ ಅಂತ ಅಂದಾಜು ಎಣಿಕೆ ಬಳಸಿದೆ. ಅದರಲ್ಲಿ ಮೊದಲಿಂದ ಇರುವ ತಪ್ಪಿನ ಅಳತೆ ನೂರಕ್ಕೆ ಐದು. 19,000 ಕೋಡ್, 19,400 ಜೋಡಿ ಇದ್ದರೆ ಆ ನಾನೂರು ತಪ್ಪು ಊರುಗಳು ಆ ಐದರೊಳಗೆ ಮುಳುಗಿಹೋಗುತ್ತವೆ. ನಾವು ಹುಡುಕಬೇಕಾಗಿದ್ದು ಆ ನಾನೂರನ್ನೇ! ಅಂದಾಜು ಎಣಿಕೆ 'ಇಲ್ಲಿ ನಂಟಿಲ್ಲ' ಅಂತ ಬೇಗ ತಳ್ಳಿಹಾಕಲು ಒಳ್ಳೆಯದು, 'ಇದೆ' ಅಂತ ಹೇಳಲು ಅಲ್ಲ. ಎರಡು, ಹಲವು ಕಾಲಂಗಳ ಬೇರೆ ಬೇರೆ ಜೋಡಿ ಎಣಿಸುವಾಗ ಅವುಗಳಲ್ಲಿ ಒಂದು ಖಾಲಿ ಇದ್ದರೂ ಸ್ಪಾರ್ಕ್ ಆ ಸಾಲನ್ನು ಎಣಿಸುವುದಿಲ್ಲ. ಎಸ್‌ಕ್ಯೂಎಲ್ ಬಲ್ಲವರಿಗೆ ಇದು ಹೊಸದಲ್ಲ, ನನಗೆ ಮರೆತುಹೋಗಿತ್ತು. ಒಂದು ಕೋಡ್‌ಗೆ ಒಂದು ಸಾಲಿನಲ್ಲಿ ಊರು ಇದೆ, ಇನ್ನೊಂದು ಸಾಲಿನಲ್ಲಿ ಖಾಲಿ, ಆದರೂ ಎಲ್ಲ ಸರಿ ಇದೆ ಅಂತ ಉತ್ತರ ಬಂತು. ಈಗ ಖಾಲಿ ಜಾಗಕ್ಕೆ 'ಖಾಲಿ' ಅಂತ ಒಂದು ಬೆಲೆ ತುಂಬಿ ಆಮೇಲೆ ಎಣಿಸುತ್ತೇನೆ.

ಈ ಕೆಲಸಕ್ಕೆ ಬೇರೆ ಸಾಧನ ನೋಡಿ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಹಾಸೊ ಪ್ಲಾಟ್ನರ್ ಸಂಸ್ಥೆಯವರ ಮೆಟನೋಮ್ ಇದೆ, ಅದರಲ್ಲಿ ಡಿಪೆಂಡೆನ್ಸಿ ಹುಡುಕುವ ವಿಧಾನಗಳಾದ 1999ರ ಟೇನ್, 2016ರ ಹೈಎಫ್‌ಡಿ ಎರಡೂ ಸಿಗುತ್ತವೆ. ಹೈಎಫ್‌ಡಿಯ ಉಪಾಯ ನನಗೆ ಬಹಳ ಹಿಡಿಸಿತು: ಮೊದಲು ಕೆಲವು ಸಾಲುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ, ಯಾವ ಡಿಪೆಂಡೆನ್ಸಿ ಖಂಡಿತ ಇಲ್ಲ ಅಂತ ತಿಳಿದುಕೊಂಡು, ಉಳಿದವನ್ನು ಮಾತ್ರ ಪೂರ್ತಿ ಡೇಟಾ ಮೇಲೆ ಪರೀಕ್ಷಿಸುತ್ತದೆ. ಎರಡು ಸಾಲು ಸಾಕು ಒಂದು ನಿಯಮ ಸುಳ್ಳು ಅನ್ನಲು. ನಾನು ಇದೇ ಉಪಾಯವನ್ನು ಸ್ಪಾರ್ಕ್ ಜೊತೆ ಸೇರಿಸಿದ್ದೇನೆ. ಸಣ್ಣ ತುಂಡು ತೆಗೆದು ಒಂದು ಮಷೀನಿನಲ್ಲಿ ಮೆಟನೋಮ್ ಓಡಿಸುತ್ತೇನೆ, ಬಂದ ಪಟ್ಟಿಯನ್ನು ಸ್ಪಾರ್ಕ್‌ನಲ್ಲಿ 12 ಕೋಟಿ ಸಾಲಿನ ಮೇಲೆ ನೋಡುತ್ತೇನೆ. ತುಂಡಿನಲ್ಲಿ ಸುಳ್ಳಾದದ್ದು ಪೂರ್ತಿಯಲ್ಲೂ ಸುಳ್ಳೇ, ಹಾಗಾಗಿ ಅದನ್ನು ಮತ್ತೆ ನೋಡಬೇಕಿಲ್ಲ.

ಎಲ್ಲರಿಗೂ ಕ್ಲಸ್ಟರ್ ಬೇಕು ಅಂತ ಖಂಡಿತ ಹೇಳಲ್ಲ. ಡೇಟಾ ಒಂದು ಮಷೀನಿನ ಡಿಸ್ಕ್‌ನಲ್ಲಿ ಆರಾಮಾಗಿ ಕೂರುತ್ತದೆ ಅಂದರೆ ಒಂದೇ ಮಷೀನಿನಲ್ಲಿ ಓಡಿಸಬಹುದಾದ ಡಕ್‌ಡಿಬಿ ಅಥವಾ ಪೋಲಾರ್ಸ್ ನೋಡಿ, ಕೋರಿಲೇಶನ್ ಅಲ್ಲೂ ಇದೆ. ಸ್ಪಾರ್ಕ್ ಚಿಕ್ಕ ಕೆಲಸವನ್ನೂ ತುಂಡು ಮಾಡುತ್ತದೆ, ಶಫಲ್ ಆದ ಮೇಲೆ ಮೊದಲಿಂದ 200 ಪಾರ್ಟಿಶನ್, ಅಂದರೆ 200 ತುಂಡು. ಹೊಸ ಆವೃತ್ತಿಗಳು ಚಿಕ್ಕ ತುಂಡುಗಳನ್ನು ತಾವೇ ಸೇರಿಸುತ್ತವೆ, ಆದರೂ ಹತ್ತು ಸಾವಿರ ಸಾಲಿನ ಟೇಬಲ್‌ಗೆ ಸ್ಪಾರ್ಕ್ ಶುರುವಾಗುವಷ್ಟರಲ್ಲಿ ಡಕ್‌ಡಿಬಿ ಉತ್ತರ ಕೊಟ್ಟಿರುತ್ತದೆ.

ಸ್ಪಾರ್ಕ್‌ನ ವೆಬ್ ಪುಟದ ಬಗ್ಗೆ ಹೇಳದಿದ್ದರೆ ಅನ್ಯಾಯ. 4040 ಪೋರ್ಟ್‌ನಲ್ಲಿ ತೆರೆದುಕೊಳ್ಳುತ್ತದೆ, ಯಾವ ಹಂತಕ್ಕೆ ಎಷ್ಟು ಸಮಯ, ಎಷ್ಟು ಡೇಟಾ ಓಡಾಡಿತು, ಎಲ್ಲ ಕಾಣುತ್ತದೆ. 199 ತುಂಡು ಎರಡು ನಿಮಿಷದಲ್ಲಿ ಮುಗಿದು ಒಂದು ತುಂಡು ಒಂದು ಗಂಟೆ ಓಡುತ್ತಿದ್ದರೆ, ಯಾವುದೋ ಒಂದು ಬೆಲೆ ಡೇಟಾದಲ್ಲಿ ವಿಪರೀತ ಇದೆ ಅಂತ ಅರ್ಥ. ನನಗೆ ಹಾಗೆ ಸಿಕ್ಕಿದ್ದು ಖಾಲಿ ಅಂಚೆ ಕೋಡ್. ನಂಟು ಹುಡುಕಲು ಹೊರಟವನಿಗೆ ಡೇಟಾದ ಆಕಾರ ಅಲ್ಲೇ ಮೊದಲು ಕಂಡಿತು.

ಕೊನೆಗೆ, ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಅಂತ ಕೇಳುವವರಿಗೆ. ಕೋರಿಲೇಶನ್ ಮ್ಯಾಟ್ರಿಕ್ಸ್‌ನಲ್ಲಿ ಆರ್ಡರ್ ತಡವಾಗುವುದಕ್ಕೂ ಬೇರೆ ಯಾವುದಕ್ಕೂ ಹೇಳಿಕೊಳ್ಳುವ ನಂಟು ಕಾಣಲಿಲ್ಲ. ಎಫ್‌ಪಿ-ಗ್ರೋತ್ ಪಟ್ಟಿಯಲ್ಲಿ ಮಾತ್ರ 'ಗೋದಾಮು=7' ಮತ್ತು 'ತಲುಪಿದ ದಿನ=ಸೋಮವಾರ' ಎರಡೂ ಸೇರಿದಾಗ 'ತಡ=ಹೌದು', ಲಿಫ್ಟ್ 3ರ ಮೇಲೆ. ಗೋದಾಮು 7 ಒಂದೇ ನೋಡಿದರೆ 1.2, ಸೋಮವಾರ ಒಂದೇ ನೋಡಿದರೆ 1.1. ಬೇರೆ ಬೇರೆ ನೋಡಿದ್ದರೆ ಎರಡನ್ನೂ ಪಟ್ಟಿಯಿಂದ ತೆಗೆದುಬಿಡುತ್ತಿದ್ದೆ. ಅಲ್ಲಿನ ಕೆಲಸಗಾರರು ಸೋಮವಾರ ನಿಧಾನ ಅಂತ ಒಬ್ಬರು ಆಗಲೇ ಹೇಳತೊಡಗಿದ್ದರು. ನಾನು ಫೋನ್ ಮಾಡಿ ಕೇಳಿದೆ. ಅವರ ಸ್ಕ್ಯಾನ್ ಮಾಡುವ ಯಂತ್ರಗಳು ಭಾನುವಾರ ಸರ್ವರ್‌ಗೆ ಡೇಟಾ ಕಳಿಸುತ್ತಿರಲಿಲ್ಲ. ಭಾನುವಾರ ಸರಿಯಾದ ಸಮಯಕ್ಕೆ ತಲುಪಿದ ಸಾಮಾನೆಲ್ಲ ಸೋಮವಾರ ಬೆಳಗ್ಗೆ ಒಟ್ಟಿಗೆ ದಾಖಲಾಗುತ್ತಿತ್ತು, ದಾಖಲಾದ ಹೊತ್ತೇ ತಲುಪಿದ ಹೊತ್ತು ಅಂತ ಟೇಬಲ್‌ನಲ್ಲಿ ಕೂರುತ್ತಿತ್ತು. ಜನ ತಡ ಮಾಡಿರಲೇ ಇಲ್ಲ. ಈಗ ತಲುಪಿದ ಸಮಯ, ದಾಖಲಾದ ಸಮಯ ಅಂತ ಎರಡು ಬೇರೆ ಕಾಲಂ ಮಾಡಿದ್ದೇವೆ. ಮುಂದಿನ ತಿಂಗಳ ಓಟದಲ್ಲಿ ಆ ನಿಯಮ ಪಟ್ಟಿಯಲ್ಲೇ ಇರಲಿಲ್ಲ.